ಸಾರಜನಕದ ಗಂಟು

ಹಸಿವಿಗೂ ಸಿಡಿಮದ್ದಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ, ಒಗಟು ಒಡ್ಡುತ್ತಿದ್ದಾರೆಂದೇ ನಾವು ಎಣಿಸುವೆವು. ಆದರೆ ರಸಾಯನಶಾಸ್ತ್ರವನ್ನು ಬಲ್ಲವನು ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿಯಾನು: ಸಾರಜನಕ. ನಾವು ಒಳಕ್ಕೆಳೆದುಕೊಳ್ಳುವ ಒಂದೊಂದು ಉಸಿರಿನಲ್ಲಿಯೂ ನೂರಕ್ಕೆ ೭೮ ಪಾಲು ಈ ಅನಿಲವೇ ಇದೆ. ನಮ್ಮ ಮಾಂಸಖಂಡಕ್ಕೂ ರಕ್ತಕ್ಕೂ ಸಾರಜನಕವಿಲ್ಲದೆ ಗತಿಯಿಲ್ಲ. ಆದರೂ ಉಸಿರಿನೊಡನೆ ಒಳಹೊಕ್ಕ ಸಾರಜನಕವು ಹೋದಂತೆಯೇ ಹಿಂದಿರುಗಿ ಬರುತ್ತದೆ. ದೇಹಕ್ಕೆ ಅದರಿಂದ ಒಂದು ಕಾಸಿನ ಪ್ರಯೋಜನವೂ ಇಲ್ಲ. ಹೊಲದಲ್ಲಿ ನಿಂತ ಪೈರಿನ ಪಾಡೂ ಅದೇ. ಸುತ್ತಲೂ ಸಾರಜನಕದ ಸಾಗರ. ನಡುವೆ ಸಾರಜನಕಕ್ಕಾಗಿಯೇ ಸೊರಗಿ ಹಳದಿಯಾಗುವ ಎಲೆ. ಕಡಲ ನಡುವೆ ದೋಣಿಯಲ್ಲಿ ಬಾಯಾರಿ ಕುಳಿತವನ ಕತೆ ಇದು.

ಇದಕ್ಕೆ ಕಾರಣ ಒಂದು ಗಂಟು. ಗಾಳಿಯಲ್ಲಿರುವ ಸಾರಜನಕದ ಪರಮಾಣುಗಳು ಒಂಟಿಯಾಗಿ ಅಲೆಯುವುದಿಲ್ಲ. ಎರಡೆರಡು ಪರಮಾಣುಗಳು ಮೂರು ಎಳೆಯ ಬಂಧದಿಂದ ಬಿಗಿದುಕೊಂಡು ಒಂದೊಂದು ಅಣುವಾಗಿರುತ್ತವೆ. ಈ ತ್ರಿಬಂಧಕ್ಕೆ ಸರಿಗಟ್ಟಬಲ್ಲ ಬಂಧಗಳು ರಸಾಯನಶಾಸ್ತ್ರದಲ್ಲಿ ತೀರ ವಿರಳ. ಗಂಟನ್ನು ಬಿಚ್ಚುವ ಉಪಾಯ ಕಂಡುಹಿಡಿದು ಮನುಷ್ಯನು ಗೊಬ್ಬರ ಮಾಡಿದನು. ಬಿಚ್ಚಿದ ಗಂಟು ಮತ್ತೆ ಬಿಗಿದುಕೊಳ್ಳುವಾಗ ಹೊರಬೀಳುವುದನ್ನು ಬಳಸಿ ಬಾಂಬು ಮಾಡಿದನು. ಅನ್ನ ಬೆಳೆದುದೂ ಊರು ಸುಟ್ಟುದೂ ಒಂದೇ ಬಂಧದ ಎರಡು ಮುಖಗಳು. ಇದು ಹೇಗೆಂಬುದನ್ನು ಅರಿಯಬೇಕಾದರೆ, ಬಂಧವೆಂಬ ಮಾತಿನ ಬಗ್ಗೆ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಮೊದಲು ಕಿತ್ತುಹಾಕಬೇಕು.

ಸೆರಗಿನ ಗಂಟು, ಬಾವಿಯ ಕೊಡ

ಹಿಂದಿನ ಕಾಲದ ಅಜ್ಜಿಯರು ಕಾಸನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದರು. ಗಂಟು ಬಿಚ್ಚಿದರೆ ಕಾಸು ಕೈಗೆ ಬೀಳುತ್ತಿತ್ತು. ರಾಸಾಯನಿಕ ಬಂಧವನ್ನು ಕುರಿತು ಅನೇಕರು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಚಿತ್ರ ಈ ಸೆರಗಿನ ಗಂಟಿನದೇ. ಸೌದೆಯ ಬಂಧಗಳಲ್ಲಿ ಶಕ್ತಿ ಅಡಗಿದೆ; ಬಂಧ ಮುರಿದಾಗ ಅದು ಬೆಂಕಿಯಾಗಿ ಹೊರಬೀಳುತ್ತದೆ. ಅನ್ನದ ಬಂಧಗಳಲ್ಲಿ ಶಕ್ತಿ ಅಡಗಿದೆ. ಜೀರ್ಣವಾದಾಗ ಅದು ನಮಗೆ ಲಭಿಸುತ್ತದೆ. ಹೀಗೆಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಕೆಲವು ಪಾಠಪುಸ್ತಕಗಳೂ ಅವಸರದಲ್ಲಿ ಹೀಗೆಯೇ ಹೇಳಿಬಿಡುತ್ತವೆ. ಕೇಳಲು ಹಿತವಾಗಿದೆ, ನೆನಪಿಡಲು ಸುಲಭವಾಗಿದೆ. ತೊಡಕು ಇಷ್ಟೇ: ಅದು ನಿಜಕ್ಕೆ ತೀರ ತಿರುಗುಮುರುಗಾಗಿದೆ.

ಬಂಧ ಯಾವುದೇ ಇರಲಿ, ಅದನ್ನು ಮುರಿಯಲು ಶಕ್ತಿಯನ್ನು ನಾವು ಕೊಡಬೇಕು. ಬಂಧ ಯಾವುದೇ ಇರಲಿ, ಅದು ಏರ್ಪಡುವಾಗ ಶಕ್ತಿಯನ್ನು ನಮಗೆ ಕೊಡುತ್ತದೆ. ಈ ನಿಯಮಕ್ಕೆ ಅಪವಾದವಿಲ್ಲ.

ಸೆರಗಿನ ಗಂಟನ್ನು ಮರೆತು ಬಾವಿಯೊಂದನ್ನು ನೆನೆಯೋಣ. ಕಟ್ಟೆಯ ಮೇಲಿದ್ದ ಕೊಡ ಕೈಜಾರಿ ಬಾವಿಗೆ ಬೀಳುತ್ತದೆ. ಬೀಳುವಾಗ ಸದ್ದಾಗುತ್ತದೆ, ನೀರು ಚಿಮ್ಮುತ್ತದೆ. ಎಂದರೆ ಶಕ್ತಿ ಹೊರಬೀಳುತ್ತದೆ. ಬಿದ್ದ ಮೇಲೆ ಕೊಡ ತಳದಲ್ಲಿ ತೆಪ್ಪಗೆ ಕುಳಿತಿರುತ್ತದೆ. ಅದನ್ನು ಮೇಲಕ್ಕೆತ್ತಬೇಕಾದರೆ ಪಾತಾಳಗರಡಿ ಇಳಿಬಿಟ್ಟು ಬೆವರು ಸುರಿಸಿ ಎಳೆಯಬೇಕು. ಬಾವಿ ಆಳವಾದಷ್ಟೂ ಬೀಳುವಾಗ ಹೊರಬಿದ್ದ ಶಕ್ತಿ ಹೆಚ್ಚು. ಎತ್ತುವಾಗ ತೆರಬೇಕಾದ ಶ್ರಮವೂ ಅಷ್ಟೇ ಹೆಚ್ಚು. ಎರಡು ಪರಮಾಣುಗಳು ಬಂಧಕ್ಕೆ ಒಳಗಾಗುವುದೆಂದರೆ ಇಂಥ ಬಾವಿಗೆ ಬಿದ್ದಂತೆ. ಬಂಧದ ಬಲವೆಂದರೆ ಬಾವಿಯ ಆಳ. ಬಲವಾದ ಬಂಧದಲ್ಲಿ ಹೆಚ್ಚು ಶಕ್ತಿ ತುಂಬಿದೆಯೆನ್ನುವುದು, ಬಾವಿ ಆಳವಾದಷ್ಟೂ ತಳದ ಕೊಡ ಎತ್ತರದಲ್ಲಿದೆ ಎಂದಂತೆ!

ಈ ಬಾವಿಯನ್ನು ತೋಡಿದವರು ಯಾರು? ವಿದ್ಯುತ್ತಿನ ಆಕರ್ಷಣೆ. ಪರಮಾಣುವಿನ ನಡುವೆ ಧನವಿದ್ಯುತ್ತಿನ ಬೀಜ, ಸುತ್ತಲೂ ಋಣವಿದ್ಯುತ್ತಿನ ಎಲೆಕ್ಟ್ರಾನು. ಎರಡು ಪರಮಾಣುಗಳು ಹತ್ತಿರ ಬಂದಾಗ ಒಂದರ ಎಲೆಕ್ಟ್ರಾನನ್ನು ಎರಡು ಬೀಜಗಳೂ ಸೆಳೆಯತೊಡಗುತ್ತವೆ. ಎರಡಕ್ಕೂ ಸಮಾನವಾಗಿ ಸಲ್ಲುವ ಆ ಎಲೆಕ್ಟ್ರಾನು ಜೋಡಿ, ಒಂಟಿಯಾಗಿದ್ದಾಗಿಗಿಂತ ಕೆಳಗಿನ ಶಕ್ತಿಯ ನೆಲೆಗೆ ಇಳಿಯುತ್ತದೆ. ಜಲಜನಕದ ಅಣುವಿನಲ್ಲಿ ಇದು ಹೀಗೆಯೇ ಆಗುವುದೆಂದು ಹೈಟ್ಲರ್ ಮತ್ತು ಲಂಡನ್ ಎಂಬ ಇಬ್ಬರು ಭೌತವಿಜ್ಞಾನಿಗಳು ೧೯೨೭ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. ಇಳಿದುದರಿಂದ ಉಳಿದ ಶಕ್ತಿಯೇ ಬಿಸಿಯಾಗಿ, ಬೆಳಕಾಗಿ ಹೊರಕ್ಕೆ ಬರುತ್ತದೆ.

ಜಮಾ ಮತ್ತು ಖರ್ಚು

ಹಾಗಾದರೆ ಒಲೆಯಲ್ಲಿ ಬೆಂಕಿ ಉರಿಯುವುದಾದರೂ ಹೇಗೆ? ಎಲ್ಲ ರಾಸಾಯನಿಕ ಕ್ರಿಯೆಯೂ ಒಂದು ವ್ಯಾಪಾರ. ಹಳೆಯ ಬಂಧಗಳನ್ನು ಬಿಡಿಸಲು ಖರ್ಚು. ಹೊಸ ಬಂಧಗಳು ಕೂಡುವಾಗ ಜಮಾ. ಖರ್ಚಿಗಿಂತ ಜಮಾ ಹೆಚ್ಚಾದರೆ ಮಿಕ್ಕ ಶಕ್ತಿ ಹೊರಗೆ ಬರುತ್ತದೆ. ಇಂಥ ಕ್ರಿಯೆಗೆ ಬಹಿರುಷ್ಣಕವೆಂದು ಹೆಸರು. ಜಮಾಕ್ಕಿಂತ ಖರ್ಚು ಹೆಚ್ಚಾದರೆ ಹೊರಗಿನಿಂದ ಶಕ್ತಿಯನ್ನು ತಂದು ತುಂಬಬೇಕು, ಅದು ಅಂತರುಷ್ಣಕ. ಮೊದಲ ಸ್ಥಿತಿ ಮತ್ತು ಕೊನೆಯ ಸ್ಥಿತಿ ಒಂದೇ ಆಗಿರುವವರೆಗೆ, ನಡುವೆ ಯಾವ ದಾರಿ ಹಿಡಿದರೂ ಒಟ್ಟು ಲೆಕ್ಕ ಬದಲಾಗದೆಂದು ಪೀಟರ್ಸ್‌ಬರ್ಗಿನ ಪ್ರಾಧ್ಯಾಪಕ ಹೆಸ್ ೧೮೪೦ರಲ್ಲಿಯೇ ಸಾರಿದ್ದನು.

ಒಂದು ಲೆಕ್ಕವನ್ನು ಮಾಡಿಯೇ ನೋಡೋಣ. ರಸಾಯನಶಾಸ್ತ್ರಜ್ಞರು ಅಣುಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. 'ಮೋಲ್' ಎಂಬ ದೊಡ್ಡ ಕಟ್ಟಿನಲ್ಲಿ ಎಣಿಸುತ್ತಾರೆ. ಜಲಜನಕದ ಒಂದು ಮೋಲ್ ೨ ಗ್ರಾಂ ತೂಗುತ್ತದೆ, ಆಮ್ಲಜನಕದ್ದು ೩೨ ಗ್ರಾಂ, ಸಾರಜನಕದ್ದು ೨೮ ಗ್ರಾಂ. ಎರಡು ಮೋಲ್ ಜಲಜನಕ ಒಂದು ಮೋಲ್ ಆಮ್ಲಜನಕದೊಡನೆ ಕೂಡಿ ಉರಿದರೆ ನೀರಿನ ಹಬೆಯಾಗುತ್ತದೆ. ಒಂದು ಮೋಲ್ ಜಲಜನಕದ ಬಂಧಗಳನ್ನು ಬಿಡಿಸಲು ೪೩೬ ಕಿಲೋಜೌಲ್ ಬೇಕು, ಎರಡಕ್ಕೆ ೮೭೨. ಆಮ್ಲಜನಕದ ದ್ವಿಬಂಧಕ್ಕೆ ೪೯೮. ಒಟ್ಟು ಖರ್ಚು ೧,೩೭೦. ಹುಟ್ಟುವ ನೀರಿನಲ್ಲಿ ಜಲಜನಕ ಮತ್ತು ಆಮ್ಲಜನಕಗಳ ನಡುವಣ ಬಂಧಗಳು ನಾಲ್ಕು. ಒಂದೊಂದಕ್ಕೆ ಸುಮಾರು ೪೬೩ರಂತೆ ಜಮಾ ೧,೮೫೨. ಕಳೆದು ಉಳಿದುದು ೪೮೨ ಕಿಲೋಜೌಲ್. ಉರಿಯ ಬಿಸಿಯೆಲ್ಲ ಈ ಉಳಿಕೆಯಿಂದ ಬಂದುದೇ ಹೊರತು, ಮುರಿದ ಬಂಧಗಳಿಂದ ಒಂದು ಜೌಲೂ ಬಂದಿಲ್ಲ. ಮುರಿದ ಬಂಧಗಳು ಕೊಂಡುಹೋದುವೇ ವಿನಾ ಕೊಟ್ಟುವಲ್ಲ.

ಸೌದೆಯ ಕತೆಯೂ ಇದೇ. ಸೌದೆಯ ಬಂಧಗಳೂ ಆಮ್ಲಜನಕದ ಬಂಧಗಳೂ ಹರಿದು, ಇಂಗಾಲದ ಡೈ ಆಕ್ಸೈಡ್ ಮತ್ತು ನೀರು ಎಂಬ ಎರಡು ಆಳವಾದ ಬಾವಿಗಳಿಗೆ ಪರಮಾಣುಗಳು ಬೀಳುತ್ತವೆ. ಆದುದರಿಂದ ಶಕ್ತಿ ಸೌದೆಯಲ್ಲಿದೆಯೆಂಬ ಮಾತಿಗಿಂತ, ಸೌದೆಗೂ ಗಾಳಿಯ ಆಮ್ಲಜನಕಕ್ಕೂ ನಡುವೆ ಅದು ಇದೆಯೆಂಬ ಮಾತು ಹೆಚ್ಚು ಸರಿ. ಆಮ್ಲಜನಕದ ಬಂಧ ಅದರ ವರ್ಗಕ್ಕೆ ಸಡಿಲವಾದುದು. ಆ ಸಡಿಲತೆಯೇ ಬೆಂಕಿಯ ಮೂಲಧನ. ಒಲೆಯ ಬಾಯಿಯನ್ನು ಮುಚ್ಚಿ ಗಾಳಿಯನ್ನು ತಡೆದರೆ ಸೌದೆ ಅಲ್ಲಿಯೇ ಇದ್ದರೂ ಬೆಂಕಿ ನಂದುವುದನ್ನು ಅಡಿಗೆಮನೆಯಲ್ಲಿ ದುಡಿದವರೆಲ್ಲ ಬಲ್ಲರು.

ಲಾಭದ ವ್ಯಾಪಾರವಾದರೆ ಸೌದೆ ತನ್ನಷ್ಟಕ್ಕೆ ತಾನೇ ಏಕೆ ಹತ್ತಿಕೊಳ್ಳುವುದಿಲ್ಲ? ಖರ್ಚು ಮೊದಲು, ಜಮಾ ಆಮೇಲೆ. ಮೊದಲ ಕೆಲವು ಬಂಧಗಳನ್ನು ಸಡಿಲಿಸಲು ಯಾರಾದರೂ ಕೈಯಿಂದ ಹಾಕಬೇಕು. ಕಡ್ಡಿ ಗೀರುವುದೆಂದರೆ ಈ ಮೊದಲ ಕಂತನ್ನು ಕಟ್ಟುವುದು. ಆಮೇಲೆ ಹೊಸ ಬಂಧಗಳಿಂದ ಬಂದ ಆದಾಯವೇ ಮುಂದಿನ ಬಂಧಗಳ ಖರ್ಚನ್ನು ನಡೆಸಿಕೊಂಡು ಹೋಗುತ್ತದೆ. ಕ್ರಿಯೆಯ ಬಾಗಿಲಲ್ಲಿರುವ ಈ ತಡೆಯನ್ನು ಹೊಸ್ತಿಲೆಂದು ಕರೆಯೋಣ. ಮನೆಯೊಳಗೆ ಎಷ್ಟೇ ಸಂಪತ್ತಿರಲಿ, ಹೊಸ್ತಿಲನ್ನು ದಾಟದೆ ದೊರೆಯದು.

ಗಾಳಿಗೆ ಬೆಂಕಿ ಹತ್ತದೇಕೆ?

ಈಗ ನಮ್ಮ ಸಾರಜನಕಕ್ಕೆ ಬರೋಣ. ಗಾಳಿಯಲ್ಲಿ ಸಾರಜನಕವೂ ಆಮ್ಲಜನಕವೂ ಅಕ್ಕಪಕ್ಕದಲ್ಲಿಯೇ ಇವೆ. ಯುಗಯುಗಗಳಿಂದ ಅವು ಒಂದನ್ನೊಂದು ಒರಸಿಕೊಂಡು ಓಡಾಡುತ್ತಿವೆ. ಒಂದು ದೀಪದ ಕುಡಿ ತಾಕಿದ ಮಾತ್ರಕ್ಕೆ ಇಡೀ ವಾಯುಮಂಡಲ ಹೊತ್ತಿಕೊಳ್ಳದಿರುವುದೇಕೆ?

ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಒಂದು ಮೋಲ್ ಸಾರಜನಕದ ತ್ರಿಬಂಧಗಳನ್ನು ಬಿಡಿಸಲು ೯೪೫ ಕಿಲೋಜೌಲ್ ಬೇಕು. ಕೇವಲ ೨೮ ಗ್ರಾಂ ಅನಿಲಕ್ಕೆ, ಮೂರು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಕ್ತಿ! ಅದರೊಡನೆ ಆಮ್ಲಜನಕದ ೪೯೮ನ್ನು ಸೇರಿಸಿದರೆ ಖರ್ಚು ೧,೪೪೩. ಎರಡೂ ಕೂಡಿ ನೈಟ್ರಿಕ್ ಆಕ್ಸೈಡ್ ಆದಾಗ ಜಮಾ ಆಗುವುದು ಎರಡು ಮೋಲಿಗೆ ೧,೨೬೨ ಮಾತ್ರ. ಸುಮಾರು ೧೮೧ ಕಿಲೋಜೌಲ್ ನಷ್ಟ. ಈ ವ್ಯಾಪಾರ ತನ್ನನ್ನು ತಾನು ನಡೆಸಿಕೊಂಡು ಹೋಗಲಾರದು. ಕಿಡಿ ತಾಕಿದಲ್ಲಿಯೇ ನಿಂತುಹೋಗುತ್ತದೆ. ನಾವು ಈ ಭೂಮಿಯ ಮೇಲೆ ನಿಶ್ಚಿಂತೆಯಿಂದ ಒಲೆ ಹಚ್ಚಿಕೊಂಡಿರುವುದು ಈ ನಷ್ಟದ ದಯೆಯಿಂದ.

ಮುಗಿಲಿನ ಮಿಂಚು ಈ ನಷ್ಟವನ್ನು ತನ್ನ ಕೈಯಿಂದ ತುಂಬಿಕೊಡಬಲ್ಲುದು. ಮಿಂಚಿನ ದಾರಿಯಲ್ಲಿ ಗಂಟುಗಳು ಹರಿದು, ಸಾರಜನಕವು ಆಮ್ಲಜನಕದೊಡನೆ ಕೂಡಿ, ಮಳೆಯೊಡನೆ ನೆಲಕ್ಕಿಳಿಯುತ್ತದೆ. ನಾರ್ವೆಯ ಬಿರ್ಕಲಾಂಡ್ ಮತ್ತು ಐಡೆ ಎಂಬುವರು ೧೯೦೩ರಲ್ಲಿ ಇದೇ ಮಿಂಚನ್ನು ಕೃತಕವಾಗಿ ಹುಟ್ಟಿಸಿ ಗೊಬ್ಬರ ಮಾಡುವ ವಿಧಾನವನ್ನು ಕಂಡುಕೊಂಡರು. ೧೯೦೫ರಲ್ಲಿ ನೊಟೊಡೆನ್ ಎಂಬಲ್ಲಿ ಕಾರ್ಖಾನೆಯೂ ನಡೆಯಿತು. ಆದರೆ ಅದು ವಿದ್ಯುತ್ತನ್ನು ನೀರಿನಂತೆ ಕುಡಿಯುತ್ತಿತ್ತು. ಜಲಪಾತಗಳ ನಾಡಾದ ನಾರ್ವೆಗೆ ಸಾಧ್ಯವಾದುದು ಇತರರಿಗೆ ಎಟುಕಲಿಲ್ಲ.

ಹೊಸ್ತಿಲನ್ನು ತಗ್ಗಿಸಿದವರು

ಇಷ್ಟು ಕಷ್ಟಪಟ್ಟು ಗಾಳಿಯ ಬೆನ್ನು ಹತ್ತಲು ಕಾರಣವಿತ್ತು. ೧೮೯೮ರಲ್ಲಿ ಬ್ರಿಸ್ಟಲ್ ನಗರದಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಅಧ್ಯಕ್ಷಪೀಠದಿಂದ ಮಾತನಾಡಿದ ವಿಲಿಯಂ ಕ್ರೂಕ್ಸ್, ಗೋಧಿಯನ್ನು ನಂಬಿದ ಜನಾಂಗಗಳಿಗೆ ಕ್ಷಾಮ ಕಾದಿದೆಯೆಂದು ಎಚ್ಚರಿಸಿದನು. ಆಗ ಯೂರೋಪಿನ ಹೊಲಗಳಿಗೆ ಸಾರಜನಕ ಬರುತ್ತಿದ್ದುದು ಮುಖ್ಯವಾಗಿ ದಕ್ಷಿಣ ಅಮೆರಿಕದ ಚಿಲಿ ದೇಶದ ಮರುಭೂಮಿಯ ಪೆಟ್ಲುಪ್ಪಿನಿಂದ. ಆ ನಿಕ್ಷೇಪ ತೀರಿದ ಮೇಲೆ ಗತಿಯೇನು? ಗಾಳಿಯ ಸಾರಜನಕವನ್ನು ನೆಲಕ್ಕಿಳಿಸುವ ದಾರಿಯನ್ನು ರಸಾಯನಶಾಸ್ತ್ರಜ್ಞರೇ ಹುಡುಕಬೇಕೆಂದು ಅವನು ಕರೆಕೊಟ್ಟನು.

ದಾರಿ ದೊರೆತುದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕನಾಗಿದ್ದ ಫ್ರಿಟ್ಸ್ ಹೇಬರನಿಗೆ. ಅವನು ಸಾರಜನಕಕ್ಕೆ ಜೊತೆಗಾರನನ್ನಾಗಿ ಆಮ್ಲಜನಕವನ್ನು ಆರಿಸದೆ ಜಲಜನಕವನ್ನು ಆರಿಸಿಕೊಂಡನು. ಲೆಕ್ಕ ಹಾಕಿ ನೋಡೋಣ. ಒಂದು ಮೋಲ್ ಸಾರಜನಕಕ್ಕೆ ೯೪೫, ಮೂರು ಮೋಲ್ ಜಲಜನಕಕ್ಕೆ ೧,೩೦೮; ಖರ್ಚು ೨,೨೫೩. ಹುಟ್ಟುವ ಎರಡು ಮೋಲ್ ಅಮೋನಿಯದಲ್ಲಿ ಬಂಧಗಳು ಆರು. ಒಂದೊಂದಕ್ಕೆ ಸುಮಾರು ೩೯೧ರಂತೆ ಜಮಾ ೨,೩೪೬. ಆಶ್ಚರ್ಯ! ೯೩ ಕಿಲೋಜೌಲ್ ಲಾಭವೇ ಬಂದಿತು. ಅಷ್ಟು ಬಿಗಿಯಾದ ಗಂಟನ್ನು ಬಿಡಿಸಿಯೂ ಕೊನೆಗೆ ಕೈಯಲ್ಲಿ ಉಳಿಯುತ್ತದೆ.

ಲಾಭವಿದ್ದರೂ ವ್ಯಾಪಾರ ನಡೆಯುತ್ತಿರಲಿಲ್ಲ. ಸಾರಜನಕ ಮತ್ತು ಜಲಜನಕಗಳನ್ನು ಒಂದು ಸೀಸೆಯಲ್ಲಿ ತುಂಬಿ ವರ್ಷಗಟ್ಟಲೆ ಇಟ್ಟರೂ ಅಮೋನಿಯದ ವಾಸನೆ ಬಾರದು. ಹೊಸ್ತಿಲು ಅಷ್ಟು ಎತ್ತರ. ಬಿಸಿ ಮಾಡಿದರೆ ಅಣುಗಳು ಹೊಸ್ತಿಲನ್ನು ಹಾರಿಯಾವು; ಆದರೆ ಇಲ್ಲೊಂದು ಸಂಕಟ. ಶಕ್ತಿ ಹೊರಬೀಳುವ ಕ್ರಿಯೆಯನ್ನು ಬಿಸಿಯು ಹಿಂದಕ್ಕೆ ತಳ್ಳುತ್ತದೆ. ಹುಟ್ಟಿದ ಅಮೋನಿಯ ಮತ್ತೆ ಒಡೆದುಹೋಗುತ್ತದೆ. ಬಿಸಿ ಮಾಡದಿದ್ದರೆ ಹುಟ್ಟುವುದಿಲ್ಲ, ಮಾಡಿದರೆ ಉಳಿಯುವುದಿಲ್ಲ. ಇತ್ತ ದರಿ, ಅತ್ತ ಪುಲಿ. ಹೇಬರನು ಎರಡು ಉಪಾಯ ಮಾಡಿದನು. ನಾಲ್ಕು ಪಾಲು ಅನಿಲ ಕೂಡಿ ಎರಡು ಪಾಲಾಗುವುದರಿಂದ ಭಾರಿ ಒತ್ತಡ ಹಾಕಿದರೆ ಅಮೋನಿಯದ ಪಕ್ಷಕ್ಕೆ ಬಲ ಬರುತ್ತದೆ. ಅದಕ್ಕೆ ತಕ್ಕ ಯಂತ್ರವನ್ನು ಅವನ ಸಹಾಯಕ ರಾಬರ್ಟ್ ಲ ರೊಸಿನ್ಯೋಲ್ ನಿರ್ಮಿಸಿದನು. ಇನ್ನೊಂದು, ಹೊಸ್ತಿಲನ್ನೇ ತಗ್ಗಿಸುವ ವೇಗವರ್ಧಕ. ಆಸ್ಮಿಯಂ ಎಂಬ ಅಪರೂಪದ ಲೋಹ. ೧೯೦೯ರ ಜುಲೈ ೨ರಂದು ಬಿ.ಎ.ಎಸ್.ಎಫ್. ಎಂಬ ಬಣ್ಣದ ಕಂಪನಿಯವರ ಎದುರಿನಲ್ಲಿ, ಅವನ ಯಂತ್ರದಿಂದ ದ್ರವ ಅಮೋನಿಯ ಹನಿಹನಿಯಾಗಿ ಇಳಿಯಿತು.

ಹನಿಯನ್ನು ಹೊಳೆಯಾಗಿಸಿದವನು ಆ ಕಂಪನಿಯ ಕಾರ್ಲ್ ಬಾಷ್. ಅವನ ಸಹೋದ್ಯೋಗಿ ಮಿಟಾಷ್ ಸಾವಿರಾರು ಪರೀಕ್ಷೆಗಳನ್ನು ನಡೆಸಿ, ದುಬಾರಿಯ ಆಸ್ಮಿಯಮ್ಮಿನ ಬದಲು ಸಾಮಾನ್ಯವಾದ ಕಬ್ಬಿಣವೇ, ಕೊಂಚ ಬೇರೆ ಆಕ್ಸೈಡುಗಳನ್ನು ಬೆರೆಸಿದರೆ, ಸಾಕೆಂದು ಕಂಡುಹಿಡಿದನು. ೧೯೧೩ರಲ್ಲಿ ಒಪ್ಪಾವ್ ಎಂಬಲ್ಲಿ ಕಾರ್ಖಾನೆ ಪ್ರಾರಂಭವಾಯಿತು. ಹೇಬರನಿಗೆ ೧೯೧೮ರ ನೊಬೆಲ್ ಪಾರಿತೋಷಕವೂ ಬಾಷನಿಗೆ ೧೯೩೧ರದೂ ಸಂದುವು.

ಕಬ್ಬಿಣ ಮಾಡುವ ಚಮತ್ಕಾರವೇನು? ಇದನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ತೋರಿಸಿದವನು ಗೆರ್ಹಾರ್ಡ್ ಎರ್ಟ್ಲ್. ಘನವಸ್ತುಗಳ ಮೇಲ್ಮೈಯಲ್ಲಿ ನಡೆಯುವ ಇಂಥ ಕ್ರಿಯೆಗಳ ಅಧ್ಯಯನಕ್ಕಾಗಿ ೨೦೦೭ರಲ್ಲಿ ಅವನಿಗೂ ನೊಬೆಲ್ ದೊರೆಯಿತು. ಸಾರಜನಕದ ಅಣು ಕಬ್ಬಿಣದ ಮೇಲೆ ಬಂದು ಕುಳಿತಾಗ ಅದರ ಪರಮಾಣುಗಳು ಕಬ್ಬಿಣದೊಡನೆ ಬಂಧ ಬೆಳೆಸತೊಡಗುತ್ತವೆ. ಈ ಹೊಸ ಬಂಧಗಳಿಂದ ಬರುವ ಜಮಾ, ಹಳೆಯ ತ್ರಿಬಂಧ ಹರಿಯುವ ಖರ್ಚಿಗೆ ಅಲ್ಲಿಂದಲ್ಲಿಗೆ ಸಲ್ಲುತ್ತದೆ. ೯೪೫ನ್ನೂ ಒಂದೇ ಗಳಿಗೆಯಲ್ಲಿ ಎಣಿಸಿಕೊಡುವ ಪ್ರಸಂಗವೇ ಬರುವುದಿಲ್ಲ. ಆಮೇಲೆ ಜಲಜನಕದ ಪರಮಾಣುಗಳು ಒಂದೊಂದಾಗಿ ಬಂದು ಸೇರಿ, ಅಮೋನಿಯವಾಗಿ ಎದ್ದುಹೋಗುತ್ತವೆ. ಕಬ್ಬಿಣ ಸಾಲವನ್ನು ಮನ್ನಾ ಮಾಡುವುದಿಲ್ಲ, ಕಂತು ಮಾಡಿಕೊಡುತ್ತದೆ.

ಅವರೆಯ ಬೇರಿನಲ್ಲಿ

ಈ ಕಂತಿನ ವ್ಯವಹಾರವನ್ನು ಹೇಬರನಿಗಿಂತ ಎಷ್ಟೋ ಕೋಟಿ ವರ್ಷಗಳ ಮೊದಲೇ ಅರಿತ ಜೀವಿಗಳುಂಟು. ನಮ್ಮ ಮೈಸೂರು ಸೀಮೆಯ ರೈತರು ರಾಗಿಯ ಹೊಲದಲ್ಲಿ ಅವರೆ, ತೊಗರಿಗಳ ಅಕ್ಕಡಿ ಸಾಲನ್ನು ಬಿಡುವುದು ವಾಡಿಕೆ. ದ್ವಿದಳ ಧಾನ್ಯದ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ ಎಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಥ್ ೧೮೮೬ರಲ್ಲಿ ಪ್ರಕಟಿಸಿದರು. ಕೆಂಪಗೆ ಕಾದ ಉಕ್ಕಿನ ಕೊಳವೆಯಿಲ್ಲ, ಭಾರಿ ಒತ್ತಡವಿಲ್ಲ. ಮಳೆಗೆ ನೆನೆದ ತಂಪಾದ ಮಣ್ಣಿನಲ್ಲಿ ಜಗತ್ತಿನ ಅತಿ ಬಿಗಿಯಾದ ಗಂಟುಗಳಲ್ಲೊಂದು ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ.

ಸದ್ದಿಲ್ಲದೆ ಎಂದ ಮಾತ್ರಕ್ಕೆ ಪುಕ್ಕಟೆಯಾಗಿ ಎಂದಲ್ಲ. ಬ್ಯಾಕ್ಟೀರಿಯದಲ್ಲಿ ಈ ಕೆಲಸ ಮಾಡುವ ಕಿಣ್ವಕ್ಕೆ ನೈಟ್ರೋಜಿನೇಸ್ ಎಂದು ಹೆಸರು. ಕಬ್ಬಿಣವೂ ಮಾಲಿಬ್ಡಿನಮ್ಮೂ ಅದರ ಹೃದಯದಲ್ಲಿವೆ. ಒಂದೇ ಒಂದು ಸಾರಜನಕದ ಅಣುವನ್ನು ಅಮೋನಿಯ ಮಾಡಲು ಅದು ಕಡಿಮೆಯೆಂದರೆ ೧೬ ಎ.ಟಿ.ಪಿ. ಅಣುಗಳನ್ನು ವೆಚ್ಚ ಮಾಡುತ್ತದೆ. ಎ.ಟಿ.ಪಿ.ಯೆಂಬುದು ಜೀವಕೋಶಗಳ ಚಲಾವಣೆಯ ನಾಣ್ಯ. ಅದನ್ನು ದುಡಿಯಲು ಬೇಕಾದ ಸಕ್ಕರೆಯನ್ನು ಅವರೆಯ ಎಲೆ ಬಿಸಿಲಿನಲ್ಲಿ ತಯಾರಿಸಿ ಬೇರಿಗೆ ಇಳಿಸಬೇಕು. ರೈತನು ಕೊಡದ ಬೆಲೆಯನ್ನು ಸೂರ್ಯನು ಕೊಡುತ್ತಾನೆ.

ಎ.ಟಿ.ಪಿ.ಯ ಮಾತು ಬಂದಲ್ಲಿ ಸೆರಗಿನ ಗಂಟು ಮತ್ತೆ ತಲೆಯೆತ್ತುತ್ತದೆ. ೧೯೪೧ರಲ್ಲಿ ಫ್ರಿಟ್ಸ್ ಲಿಪ್‌ಮನ್ ಅದರ ಫಾಸ್ಫೇಟ್ ಬಂಧವನ್ನು ಅಧಿಕಶಕ್ತಿಯ ಬಂಧವೆಂದು ಕರೆದನು. ಅಲ್ಲಿಂದೀಚೆಗೆ, ಆ ಬಂಧ ಮುರಿದಾಗ ಶಕ್ತಿ ಸಿಡಿದು ಬರುವುದೆಂದು ಜೀವಶಾಸ್ತ್ರದ ವಿದ್ಯಾರ್ಥಿಗಳು ಉರುಹೊಡೆಯುತ್ತಿದ್ದಾರೆ. ನಿಜದಲ್ಲಿ ಆ ಬಂಧವನ್ನು ಮುರಿಯುವುದಕ್ಕೂ ಶಕ್ತಿ ಬೇಕು. ನೀರಿನೊಡನೆ ಕೂಡಿ ಹೊಸ ಬಂಧಗಳು ಏರ್ಪಟ್ಟು, ಒಡೆದ ತುಂಡುಗಳು ನೀರಿನ ನಡುವೆ ಹೆಚ್ಚು ನೆಮ್ಮದಿಯಾಗಿ ನೆಲೆಸುವುದರಿಂದ ಒಂದು ಮೋಲಿಗೆ ಸುಮಾರು ೩೦ ಕಿಲೋಜೌಲ್ ಉಳಿಯುತ್ತದೆ. ಮಾತು ಅಲ್ಪವೆನಿಸಬಹುದು. ಆದರೆ ಒಂದು ಶಾಸ್ತ್ರದ ತರಗತಿಯಲ್ಲಿ ಬಂಧ ಮುರಿದರೆ ಖರ್ಚೆಂದೂ ಪಕ್ಕದ ತರಗತಿಯಲ್ಲಿ ಬಂಧ ಮುರಿದರೆ ಆದಾಯವೆಂದೂ ಕೇಳಿದ ಹುಡುಗ, ಎರಡನ್ನೂ ನಂಬದೆ ಬಾಯಿಪಾಠ ಮಾಡುತ್ತಾನೆ. ವಿಜ್ಞಾನಕ್ಕೆ ಅದಕ್ಕಿಂತ ದೊಡ್ಡ ಹಾನಿಯಿಲ್ಲ.

ಮರಳಿ ಮನೆಗೆ

ಇಷ್ಟರವರೆಗೆ ಗಂಟು ಬಿಚ್ಚುವ ಕತೆಯಾಯಿತು. ಬಿಚ್ಚಿದ ಗಂಟು ಮತ್ತೆ ಬೀಳುವ ಕತೆ ಬೇರೆಯಾಗಿದೆ. ಅಮೋನಿಯದಿಂದ ನೈಟ್ರಿಕ್ ಆಮ್ಲ, ನೈಟ್ರಿಕ್ ಆಮ್ಲದಿಂದ ನೈಟ್ರೇಟುಗಳು. ಇವುಗಳಲ್ಲಿ ಸಾರಜನಕದ ಪರಮಾಣುಗಳು ಒಂದರಿಂದೊಂದು ಬೇರೆಯಾಗಿ ಬೇರೆಯವರ ಮನೆಯಲ್ಲಿ ಬಿಡಾರ ಮಾಡಿರುತ್ತವೆ. ತಮ್ಮತಮ್ಮಲ್ಲಿ ಜೋಡಿಯಾದರೆ ಆಳವಾದ ಬಾವಿಗೆ ಬೀಳಬಹುದು. ಆದರೆ ಹೊಸ್ತಿಲು ತಡೆದು ನಿಲ್ಲಿಸಿದೆ. ಆ ಹೊಸ್ತಿಲನ್ನು ಒಮ್ಮೆ ದಾಟಿಸಿದರೆ ಮುಗಿಯಿತು.

೧೮೪೭ರಲ್ಲಿ ಇಟಲಿಯ ಸೊಬ್ರೇರೊ ತಯಾರಿಸಿದ ನೈಟ್ರೋಗ್ಲಿಸರಿನ್ ಇಂಥದೊಂದು ವಸ್ತು. ಅದನ್ನು ಮಣ್ಣಿಗೆ ಹೀರಿಸಿ ಆಲ್ಫ್ರೆಡ್ ನೊಬೆಲ್ ೧೮೬೭ರಲ್ಲಿ ಡೈನಮೈಟ್ ಮಾಡಿದನು. ನೈಟ್ರೋಗ್ಲಿಸರಿನ್ನಿನ ನಾಲ್ಕು ಅಣುಗಳು ಸಿಡಿದರೆ ಆರು ಅಣು ಸಾರಜನಕ, ಹನ್ನೆರಡು ಅಣು ಇಂಗಾಲದ ಡೈ ಆಕ್ಸೈಡ್, ಹತ್ತು ಅಣು ನೀರು, ಒಂದು ಅಣು ಆಮ್ಲಜನಕ ಹೊರಡುತ್ತವೆ. ಸಡಿಲ ಬಂಧಗಳು ಹರಿದುವು, ಬಿಗಿಯಾದ ಬಂಧಗಳು ಕೂಡಿದುವು. ಸಿಡಿತದ ಬಲ ಕೂಡಿದ ಬಂಧಗಳದು, ಹರಿದ ಬಂಧಗಳದಲ್ಲ.

ಇಲ್ಲಿ ಓದುಗರನ್ನು ಬೆರಗುಗೊಳಿಸುವ ಒಂದು ಸಂಗತಿಯುಂಟು. ಒಂದು ಗ್ರಾಂ ಟಿ.ಎನ್.ಟಿ. ಸಿಡಿದರೆ ಹೊರಬೀಳುವ ಶಕ್ತಿ ಸುಮಾರು ೪.೨ ಕಿಲೋಜೌಲ್, ಒಂದು ಗ್ರಾಂ ಒಣಸೌದೆ ಉರಿದರೆ ಬರುವುದು ಸುಮಾರು ೧೬. ಶಕ್ತಿಯ ಮೊತ್ತದಲ್ಲಿ ಅಡಿಗೆಮನೆಯ ಸೌದೆಯೇ ಬಾಂಬಿಗಿಂತ ದೊಡ್ಡದು! ಆದರೆ ಸೌದೆ ಗಾಳಿಗಾಗಿ ಕಾಯುತ್ತ, ಗಳಿಗೆಗಳ ಕಾಲ ತನ್ನ ಲೆಕ್ಕವನ್ನು ಒಪ್ಪಿಸುತ್ತದೆ. ಸಿಡಿಮದ್ದಿಗೆ ಬೇಕಾದ ಆಮ್ಲಜನಕ ಅದರ ಅಣುವಿನಲ್ಲಿಯೇ ಇದೆ. ಅದು ಕಣ್ಣೆವೆಯಿಕ್ಕುವುದರೊಳಗೆ ಲೆಕ್ಕ ಮುಗಿಸಿ, ಬಿಸಿ ಅನಿಲವಾಗಿ ಹಿಗ್ಗಿ ಎದುರಿದ್ದುದನ್ನೆಲ್ಲ ತಳ್ಳಿಹಾಕುತ್ತದೆ. ಎಷ್ಟು ಎಂಬುದಕ್ಕಿಂತ ಎಷ್ಟು ಬೇಗ ಎಂಬುದೇ ಇಲ್ಲಿ ವಿನಾಶದ ಅಳತೆ.

ಒಂದನೆಯ ಮಹಾಯುದ್ಧ ಪ್ರಾರಂಭವಾದಾಗ ಬ್ರಿಟಿಷ್ ನೌಕಾಪಡೆ ಚಿಲಿಯ ಪೆಟ್ಲುಪ್ಪು ಜರ್ಮನಿಗೆ ತಲುಪದಂತೆ ತಡೆಯಿತು. ಮದ್ದಿಗೆ ಬೇಕಾದ ನೈಟ್ರೇಟ್ ಇಲ್ಲದೆ ಜರ್ಮನಿಯ ತೋಪುಗಳು ಬೇಗನೆ ಬಾಯಿ ಮುಚ್ಚಬೇಕಾಗಿತ್ತು. ಆದರೆ ೧೯೧೫ರ ಹೊತ್ತಿಗೆ ಒಪ್ಪಾವಿನ ಅಮೋನಿಯ ನೈಟ್ರಿಕ್ ಆಮ್ಲವಾಗಿ ಹರಿಯತೊಡಗಿತು. ಕ್ಷಾಮವನ್ನು ತಡೆಯಲೆಂದು ತೆರೆದ ಬಾಗಿಲಿನಲ್ಲಿ ಯುದ್ಧ ಒಳಹೊಕ್ಕು, ನಾಲ್ಕು ವರ್ಷಗಳ ಕಾಲ ಊಟಮಾಡಿತು.

ಯುದ್ಧ ಮುಗಿದ ಮೇಲೆ ಅದೇ ಒಪ್ಪಾವಿನಲ್ಲಿ ಗೊಬ್ಬರದ ದೊಡ್ಡ ಕಣಜವಿತ್ತು. ಅಮೋನಿಯಂ ಸಲ್ಫೇಟ್ ಮತ್ತು ಅಮೋನಿಯಂ ನೈಟ್ರೇಟ್ ಬೆರೆತ ಆ ಗೊಬ್ಬರ ತೇವಕ್ಕೆ ಹೆಪ್ಪುಗಟ್ಟಿ ಕಲ್ಲಾಗುತ್ತಿತ್ತು. ಅದನ್ನು ಸಡಿಲಿಸಲು ಸಣ್ಣ ಸಣ್ಣ ಡೈನಮೈಟ್ ಸಿಡಿಸುವುದು ಅಲ್ಲಿಯ ರೂಢಿ. ಸಾವಿರಾರು ಸಲ ಏನೂ ಆಗಿರಲಿಲ್ಲ. ೧೯೨೧ರ ಸೆಪ್ಟೆಂಬರ್ ೨೧ರ ಬೆಳಿಗ್ಗೆ ಹೊಸ್ತಿಲು ದಾಟಿತು. ೫೦೦ಕ್ಕೂ ಹೆಚ್ಚು ಜನ ಸತ್ತರು. ಕಣಜವಿದ್ದಲ್ಲಿ ದೊಡ್ಡ ಗುಂಡಿ ಉಳಿಯಿತು. ಇದು ಹಳೆಯ ಮಾತೆಂದು ಸಮಾಧಾನಪಡುವಂತಿಲ್ಲ. ೨೦೨೦ರ ಆಗಸ್ಟ್ ೪ರಂದು ಲೆಬನಾನಿನ ಬೈರೂತ್ ಬಂದರಿನ ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸುಮಾರು ೨,೭೫೦ ಟನ್ ಅಮೋನಿಯಂ ನೈಟ್ರೇಟ್ ಸಿಡಿದು ೨೦೦ಕ್ಕೂ ಮಿಕ್ಕ ಜನ ಪ್ರಾಣ ಕಳೆದುಕೊಂಡರು. ಆ ಲವಣದ ೮೦ ಗ್ರಾಂ ಪೂರ್ತಿಯಾಗಿ ಸಾರಜನಕ, ಆಮ್ಲಜನಕ ಮತ್ತು ಹಬೆಯಾಗಿ ಒಡೆದರೆ ಸಿಗುವುದು ಸುಮಾರು ೧೧೮ ಕಿಲೋಜೌಲ್. ಒಲೆಗೆ ಹಾಕುವ ಹಿಡಿ ಪುಳ್ಳೆಯೂ ಅಷ್ಟನ್ನು ಕೊಟ್ಟೀತು. ಆ ದಿನ ಊರನ್ನು ಕೆಡವಿದುದು ಪುಳ್ಳೆಯಷ್ಟೇ ಬಡವಾದ ಲೆಕ್ಕ, ಎಲ್ಲ ಒಟ್ಟಾಗಿ ಒಂದೇ ಕ್ಷಣದಲ್ಲಿ ತೀರಿದುದರಿಂದ.

ಹಾಗೆಂದು ಗೊಬ್ಬರವನ್ನು ಬಯ್ಯುವಂತೆಯೂ ಇಲ್ಲ. ಇಂದು ಜಗತ್ತಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಆಹಾರ ಹೇಬರನ ವಿಧಾನವನ್ನೇ ನೆಚ್ಚಿದೆಯೆಂದು ಬಲ್ಲವರು ಅಂದಾಜು ಮಾಡಿದ್ದಾರೆ. ಅದರ ಖರ್ಚಿನ ಭಾರವೂ ಬೇರೆಡೆಯಲ್ಲಿದೆ. ಅಮೋನಿಯದ ಲೆಕ್ಕದಲ್ಲಿ ಲಾಭ ಬಂದುದನ್ನು ನೋಡಿದೆವು. ಆದರೆ ಅದಕ್ಕೆ ಬೇಕಾದ ಜಲಜನಕ ಎಲ್ಲಿಂದ ಬರಬೇಕು? ನೀರಿನ, ಇಂಧನಾನಿಲದ ಬಿಗಿಯಾದ ಬಂಧಗಳನ್ನು ಹರಿದೇ ತರಬೇಕು. ಆ ಬಾವಿಯಿಂದ ಕೊಡವನ್ನೆತ್ತುವ ಶ್ರಮಕ್ಕಾಗಿಯೇ ಗೊಬ್ಬರದ ಕಾರ್ಖಾನೆಗಳು ರಾಶಿರಾಶಿಯಾಗಿ ಅನಿಲವನ್ನೂ ಕಲ್ಲಿದ್ದಲನ್ನೂ ಉರಿಸುತ್ತವೆ. ಅದರ ಹೊಗೆ ನಮ್ಮ ವಾತಾವರಣವನ್ನು ಸೇರುತ್ತದೆ. ಹೆಸ್ ಹೇಳಿದ ಮಾತು ಇಲ್ಲಿಯೂ ತಪ್ಪುವುದಿಲ್ಲ. ದಾರಿಯನ್ನು ಬದಲಿಸಬಹುದು, ಮೊತ್ತವನ್ನು ವಂಚಿಸಲಾಗದು.

ನಾವು ಬಿಚ್ಚಿದ ಗಂಟುಗಳೆಲ್ಲ ಒಂದು ದಿನ ಮತ್ತೆ ಬಿಗಿದುಕೊಳ್ಳುವುವು. ರಾಗಿಯ ತೆನೆಯಾಗಿ, ತಾಯಿಯ ಹಾಲಾಗಿ, ಮಗುವಿನ ತೋಳಾಗಿ, ಕೊನೆಗೆ ಮಣ್ಣಾಗಿ, ಮಣ್ಣಿನಲ್ಲಿರುವ ಬೇರೊಂದು ಬಗೆಯ ಬ್ಯಾಕ್ಟೀರಿಯಗಳ ಕೈಯಿಂದ ಸಾರಜನಕ ಮತ್ತೆ ಜೋಡಿಯಾಗಿ ಗಾಳಿಗೆ ಮರಳುವುದು ಒಂದು ದಾರಿ. ಒಂದು ಉಗ್ರಾಣದಲ್ಲಿ ಒಂದು ಸಂಜೆ, ಒಂದೇ ಕ್ಷಣದಲ್ಲಿ ಮರಳುವುದು ಇನ್ನೊಂದು ದಾರಿ. ಎರಡು ದಾರಿಗಳ ಕೊನೆಯಲ್ಲಿಯೂ ಇರುವುದು ಅದೇ ೯೪೫ರ ಗಂಟು. ಹಾದಿಯಲ್ಲಿ ಎಷ್ಟು ಜನ ಉಂಡರು, ಎಷ್ಟು ಜನ ಸತ್ತರು ಎಂಬುದನ್ನು ಮಾತ್ರ ಅಣುವಿನ ಲೆಕ್ಕದ ಪುಸ್ತಕ ಬರೆದಿಡುವುದಿಲ್ಲ. ಅದನ್ನು ಬರೆದಿಡಬೇಕಾದವರು ನಾವು.